ಬೆಂಗಳೂರಿನ ಒಣ ಕಸ

ಬೆಂಗಳೂರಿನಲ್ಲಿ ಮನೆಗಳ ಮರುಬಳಕೆ ವಸ್ತುಗಳನ್ನು ಬಹುಕಾಲ ಸಾಗಿಸಿದವರು ಪಾಲಿಕೆಯವರಲ್ಲ, ಹಳೇ ಪೇಪರ್‌ನವರು ಮತ್ತು ಚಿಂದಿ ಆಯುವವರು. ಹಳೆಯ ಪತ್ರಿಕೆ, ಬಾಟಲಿ, ತಗಡು ತೂಕಕ್ಕೆ ಮಾರಾಟವಾಗಿ ಗುಜರಿ ಅಂಗಡಿ ಸೇರುತ್ತಿದ್ದವು. ಜಾಲಿ ಮೊಹಲ್ಲಾ ಈ ವ್ಯಾಪಾರದ ದೊಡ್ಡ ಕೇಂದ್ರ. ಉಳಿದ ಕಸವೆಲ್ಲ ಊರಾಚೆಯ ಗುಂಡಿಗೆ.

2012ರಲ್ಲಿ ಮಾವಳ್ಳಿಪುರದ ಗ್ರಾಮಸ್ಥರು ತಮ್ಮೂರಿಗೆ ಬರುತ್ತಿದ್ದ ಕಸವನ್ನು ವಿರೋಧಿಸಿದರು. ಅಲ್ಲಿನ ಭೂಭರ್ತಿ ಮುಚ್ಚಿತು, ನಗರದ ಬೀದಿಗಳಲ್ಲಿ ರಾಶಿ ಬೆಳೆಯಿತು. ವ್ಯವಸ್ಥೆ ಬದಲಾದದ್ದು ಯೋಜನೆಗಿಂತ ಈ ಒತ್ತಡದಿಂದಲೇ ಎನ್ನಬೇಕು. ಅದೇ ವರ್ಷ ಮೂಲದಲ್ಲೇ ವಿಂಗಡಣೆ ಕಡ್ಡಾಯವಾಯಿತು. ವಾರ್ಡುಗಳಲ್ಲಿ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳು ತೆರೆದವು. ಅವುಗಳಲ್ಲಿ ಹಲವನ್ನು ನಡೆಸುವ ಹೊಣೆ, ಸ್ವಲ್ಪ ತಡವಾಗಿಯಾದರೂ, ಚಿಂದಿ ಆಯುತ್ತಿದ್ದವರಿಗೇ ಬಂತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಜಾರಿಗೊಳಿಸಲು ಆದೇಶಿಸಿತು: ಹಸಿಗೆ ಹಸಿರು ಬುಟ್ಟಿ, ನೈರ್ಮಲ್ಯ ತ್ಯಾಜ್ಯಕ್ಕೆ ಕೆಂಪು, ಒಣ ಕಸಕ್ಕೆ ಚೀಲ.