ನೀರೊಳಗಿನ ಹದಿನೈದು ಮೀಟರ್

ಗದಗದಿಂದ ಮುಂಡರಗಿ ಕಡೆ ಹೊರಟರೆ ಸುಮಾರು 20 ಕಿಲೋಮೀಟರಿಗೆ ಡಂಬಳ. ಮಳೆ ಕಡಿಮೆಯ ಸೀಮೆ ಇದು. ಆದರೂ ಊರಿನ ಹೆಸರಿನ ಜೊತೆಗೆ ದೊಡ್ಡಬಸಪ್ಪನ ಗುಡಿಯಷ್ಟೇ ಸಲೀಸಾಗಿ ಬರುವುದು ಜಪದ ಬಾವಿ ಮತ್ತು ದೊಡ್ಡ ಕೆರೆ. ಇಲ್ಲಿ ಬೌದ್ಧ ವಿಹಾರವೂ ತಾರಾದೇವಿಯ ಪೂಜೆಯೂ ಇದ್ದವೆಂದು ತಿಳಿಸುವ 1095ರ ಶಾಸನ ಆರನೆಯ ವಿಕ್ರಮಾದಿತ್ಯನ ಕಾಲದ್ದು. ಅವನ ಮಗ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ವಿವರಿಸುವಾಗ ನೀರಾಟವನ್ನೂ ಸೇರಿಸಿದ. ಅದು ಮೋಜಿನ ಆಟ. ಗಡಿಯಾರ ಹಿಡಿದು, ಅಂತರ ಅಳೆದು, ತಪ್ಪು ಹಿಡಿಯುವ ಈಜು ಬರಲು ಇನ್ನೂ ಏಳು ಶತಮಾನ ಬೇಕಾಯಿತು.

ಈ ಭಾಗದ ಹಳ್ಳಿಗಳಲ್ಲಿ ಈಜು ಕಲಿತವರು ಹೊಲದ ಬಾವಿಯಲ್ಲಿ ಕಲಿತವರೇ. ಬೆನ್ನಿಗೆ ಒಣಗಿದ ಸೋರೆ ಬುರುಡೆ, ಇಲ್ಲವೇ ಬೆಂಡಿನ ಕಟ್ಟು. ಆಮೇಲಿನ ಕಾಲಕ್ಕೆ ಗಾಳಿ ತುಂಬಿದ ಟ್ಯೂಬು, ಮುಚ್ಚಳ ಬಿಗಿದ ಎಣ್ಣೆ ಡಬ್ಬಿ. ಸೊಂಟಕ್ಕೊಂದು ಹಗ್ಗ. ಹಗ್ಗದ ಇನ್ನೊಂದು ತುದಿ ಹಿಡಿದು ಮೆಟ್ಟಿಲ ಮೇಲೆ ನಿಂತ ಅಣ್ಣನೋ ಕಾಕಾನೋ “ಕಾಲು ಬಡೀ ಲೇ, ಕಾಲು ಬಡೀ” ಎಂದು ಒದರುತ್ತಿರುತ್ತಾನೆ. ಒಂದು ದಿನ ಹೇಳದೆ ಕೇಳದೆ ಬೆಂಡು ಬಿಚ್ಚುತ್ತಾನೆ. ಅಲ್ಲಿಗೆ ಪಾಠ ಮುಗಿಯಿತು. ಮುಂದಿನದೆಲ್ಲ ಜಿಗಿಯುವ ಎತ್ತರದ ಮೇಲೆ, ನೀರೊಳಗೆ ದಮ್ಮು ಹಿಡಿಯುವ ತಾಕತ್ತಿನ ಮೇಲೆ. ಯಾರು ತಳ ಮುಟ್ಟಿ ಮಣ್ಣು ತಂದರು, ಈ ಗೋಡೆಗೆ ಮುಳುಗಿದವರು ಆ ಗೋಡೆಗೇ ಎದ್ದರೇ ಎಂಬುದು ಬಾವಿಯ ಪಂದ್ಯ. ಎಷ್ಟು ಬೇಗ ಎಂದು ಯಾರೂ ಕೇಳುವುದಿಲ್ಲ. ಹತ್ತಿಪ್ಪತ್ತು ಅಡಿಯ ಬಾವಿಯಲ್ಲಿ ಬೇಗ ಹೋಗಿ ಮಾಡುವುದಾದರೂ ಏನು?

ಹಾಗೆ ನೋಡಿದರೆ ಒಲಿಂಪಿಕ್ಸ್‌ನ ಈಜಿಗೂ ಮೊದಲು ಅಳತೆಯ ನೀರು ಇರಲಿಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಯ ಆಲ್ಫ್ರೆಡ್ ಹಾಯೋಶ್ ಗೆದ್ದದ್ದು ಕೊರೆಯುವ ಸಮುದ್ರದಲ್ಲಿ. 1900ರಲ್ಲಿ ಪ್ಯಾರಿಸ್‌ನ ಸೇನ್ ನದಿಯೇ ಈಜುಕೊಳ. 1908ರಲ್ಲಿ ಲಂಡನ್ನಿನ ಕ್ರೀಡಾಂಗಣದ ನಡುವೆ 100 ಮೀಟರಿನ ಕೊಳ ತೋಡಿದರು. ಜಾಗತಿಕ ಒಕ್ಕೂಟ ಫಿನಾ ಹುಟ್ಟಿದ್ದೂ ಆ ವರ್ಷವೇ (ಈಗ ಅದರ ಹೆಸರು ವರ್ಲ್ಡ್ ಅಕ್ವಾಟಿಕ್ಸ್). ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1912ರಲ್ಲಿ. 50 ಮೀಟರ್ ಉದ್ದ, ಲೇನ್‌ಗಳ ಗುರುತು ಇರುವ ಕೊಳವನ್ನು ಒಲಿಂಪಿಕ್ಸ್ ಕಂಡದ್ದು 1924ರಲ್ಲಿ.

ವೇಗದ ಈಜು ಮಾತ್ರ ಕೊಳಗಳಿಂದ ಬಂದದ್ದಲ್ಲ. ಇಂಗ್ಲೆಂಡಿನವರು ಕಪ್ಪೆಯ ಹಾಗೆ ಕೈಕಾಲು ಅಗಲಿಸುವ ಬ್ರೆಸ್ಟ್‌ಸ್ಟ್ರೋಕನ್ನೇ ಸಭ್ಯ ಈಜೆಂದು ನಂಬಿದ್ದರು. 1844ರಲ್ಲಿ ಉತ್ತರ ಅಮೆರಿಕದ ಇಬ್ಬರು ಮೂಲನಿವಾಸಿಗಳು ಲಂಡನ್ನಿನಲ್ಲಿ ಕೈ ಬೀಸಿ ಬೀಸಿ ಈಜಿ ತೋರಿಸಿದಾಗ ಅವರ ವೇಗ ಕಂಡೂ ಒರಟೆಂದು ಮೂಗು ಮುರಿದರು. 1875ರಲ್ಲಿ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆ ದಾಟಿದ್ದೂ ಬ್ರೆಸ್ಟ್‌ಸ್ಟ್ರೋಕ್‌ನಲ್ಲೇ. ಇಂದಿನ ಕ್ರಾಲ್ ಸಿಡ್ನಿಗೆ ತಲುಪಿದ್ದು ಸಾಲೊಮನ್ ದ್ವೀಪಗಳ ಹುಡುಗ ಅಲಿಕ್ ವಿಕ್‌ಹ್ಯಾಮ್‌ನಿಂದ ಎಂಬುದು ಪ್ರಸಿದ್ಧ ಕಥೆ. ಆ ಈಜನ್ನು ಹಬ್ಬಿಸಿದವರು ಅಲ್ಲಿನ ಕ್ಯಾವಿಲ್ ಕುಟುಂಬದವರು. 1912ರಲ್ಲಿ 100 ಮೀಟರ್ ಗೆದ್ದ ಡ್ಯೂಕ್ ಕಹಾನಮೋಕು ಹವಾಯಿಯ ಸಮುದ್ರದಲ್ಲಿ ಬೆಳೆದವನು. ಕೊಳ ಕಟ್ಟಿದವರು ಒಬ್ಬರು, ಈಜು ಕೊಟ್ಟವರು ಇನ್ನೊಬ್ಬರು.

ಕೊಳ ಕಟ್ಟಿದವರು ಕೊಟ್ಟದ್ದು ಗೋಡೆ ಮತ್ತು ನಿಯಮ. ಫ್ರೀಸ್ಟೈಲ್‌ನಲ್ಲಿ ಹೇಗೆ ಈಜಬೇಕೆಂಬ ಕಟ್ಟಳೆಯೇ ಇಲ್ಲ. ಎಲ್ಲರೂ ಕ್ರಾಲ್ ಈಜುವುದು ಅದು ಎಲ್ಲಕ್ಕಿಂತ ವೇಗದ್ದೆಂಬ ಕಾರಣಕ್ಕೆ. ಬಾವಿಯ ಹುಡುಗ ತನಗೆ ಬಂದ ಹಾಗೆ ಈಜಿದರೂ ತಕರಾರಿಲ್ಲ. ಕೊಳದ ತಳಕ್ಕೆ ಕಾಲೂರಿ ನಿಂತರೂ ನಡೆಯುತ್ತದೆ, ಆದರೆ ನಡೆಯಕೂಡದು, ಲೇನಿನ ಹಗ್ಗ ಜಗ್ಗಕೂಡದು. ಬ್ಯಾಕ್‌ಸ್ಟ್ರೋಕ್‌ನವರು ಗೋಡೆ ಕಾಣದೆ ಬರುವುದರಿಂದ ಗೋಡೆಗೆ 5 ಮೀಟರ್ ಮೊದಲು ತಲೆಯ ಮೇಲೆ ಪತಾಕೆಗಳ ಸಾಲು ಕಟ್ಟಿರುತ್ತಾರೆ. ಪತಾಕೆ ದಾಟಿದ ಮೇಲೆ ಎಷ್ಟು ಕೈ ಹಾಕಿದರೆ ಗೋಡೆ ಎಂಬ ಲೆಕ್ಕ ಪ್ರತಿಯೊಬ್ಬ ಈಜುಗಾರನಿಗೂ ಬಾಯಿಪಾಠ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈಗಳಲ್ಲಿ ಎರಡೂ ಕೈ ಒಟ್ಟಿಗೇ ಗೋಡೆ ಮುಟ್ಟಬೇಕು. ಒಂದು ಕೈ ಮೊದಲು ತಾಗಿತೋ, ಗೆದ್ದವನೂ ಅನರ್ಹ.

ನನ್ನ ಮಟ್ಟಿಗೆ ಈ ನಿಯಮಗಳಲ್ಲಿ ಓದಲು ಸ್ವಾರಸ್ಯದ್ದು ನೀರೊಳಗಿನ ಭಾಗ. ಮೇಲ್ಮೈಯಲ್ಲಿ ಅಲೆ ಎದುರಾಗುತ್ತದೆ, ಆಳದಲ್ಲಿ ಆ ಅಡ್ಡಿ ಕಡಿಮೆ. ಇದನ್ನು ಪಕ್ಕಾ ಹಿಡಿದವನು ಜಪಾನಿನ ಮಸಾರು ಫುರುಕಾವಾ. 1956ರ ಮೆಲ್ಬರ್ನ್‌ನಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನ ಬಹುಭಾಗವನ್ನು ಮುಳುಗಿಯೇ ಈಜಿ ಚಿನ್ನ ಗೆದ್ದ. ಬೆನ್ನಿಗೇ ನಿಯಮ ಬದಲಾಯಿತು: ಹಾರಿದ ಮೇಲೆ ಮತ್ತು ತಿರುವಿನ ಮೇಲೆ ಮಾತ್ರ ಒಮ್ಮೆ ಕೈ ಎಳೆಯುವಷ್ಟು ಮುಳುಗಬಹುದು. 1988ರ ಸಿಯೋಲ್‌ನಲ್ಲಿ ಡೈಚಿ ಸುಜುಕಿ, ಡೇವಿಡ್ ಬರ್ಕಾಫ್ ಬ್ಯಾಕ್‌ಸ್ಟ್ರೋಕ್‌ನಲ್ಲೂ ಇದನ್ನೇ ಮಾಡಿದರು. ಅಂಗಾತ ಮುಳುಗಿ, ಮೀನಿನ ಬಾಲದಂತೆ ಕಾಲು ಜೋಡಿಸಿ ಬೀಸುತ್ತ, 30 ಮೀಟರ್ ಆಸುಪಾಸಿಗೆ ಎದ್ದರು. ಗೆದ್ದದ್ದು ಸುಜುಕಿ. ಮೊದಲು 10, ಆಮೇಲೆ 1991ರಲ್ಲಿ 15 ಮೀಟರ್ ಮಿತಿ ಬಂತು. 1996ರ ಅಟ್ಲಾಂಟಾದಲ್ಲಿ ರಷ್ಯಾದ ಡೆನಿಸ್ ಪಂಕ್ರಾತೊವ್ ಬಟರ್‌ಫ್ಲೈನ ಎರಡೂ ಚಿನ್ನವನ್ನು ಹೀಗೆ ಮುಳುಗಿಯೇ ಬಾಚಿದ ಮೇಲೆ 1998ರಲ್ಲಿ ಅಲ್ಲಿಗೂ ಅದೇ 15. ಈಗ ಲೇನಿನ ಹಗ್ಗದ ಮೇಲೆ ಆ ಜಾಗಕ್ಕೆ ಬೇರೆ ಬಣ್ಣದ ಗುರುತಿರುತ್ತದೆ. ಅಷ್ಟರೊಳಗೆ ತಲೆ ನೀರಿನಿಂದ ಮೇಲೆ ಬಂದಿರಬೇಕು. ಬಾವಿಯಲ್ಲಿ ಯಾವುದಕ್ಕೆ ಶಹಬ್ಬಾಸ್ ಸಿಗುತ್ತದೋ ಅದಕ್ಕೇ ಕೊಳದಲ್ಲಿ ಸೀಟಿ. ಪ್ರೇಕ್ಷಕರಿಗೆ ಖಾಲಿ ನೀರು ಕಾಣುವ ಪಂದ್ಯ ಯಾರಿಗೆ ಬೇಕು ಎಂಬುದು ಒಂದು ವಾದ, ದಮ್ಮು ಕಟ್ಟಿ ಅನಾಹುತವಾದೀತು ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ.

ಬಟರ್‌ಫ್ಲೈ ಹುಟ್ಟಿದ್ದೂ ನಿಯಮದ ಸಂದಿಯಿಂದಲೇ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕೈಯನ್ನು ನೀರಿನ ಮೇಲಿಂದ ತರಬಾರದೆಂದು ಯಾರೂ ಬರೆದಿರಲಿಲ್ಲ. 1930ರ ದಶಕದಲ್ಲಿ ಕೆಲವರು ತಂದರು, ಗೆದ್ದರು. 1952ರಲ್ಲಿ ಅದನ್ನು ಬೇರೆ ಈಜೆಂದು ಒಪ್ಪಿ, 1956ರಲ್ಲಿ ಒಲಿಂಪಿಕ್ಸ್‌ಗೆ ಸೇರಿಸಿದರು. ಉಡುಪಿನ ಗಲಾಟೆಯೂ ಇದೇ ಜಾತಿಯದು. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಾಲಿಯುರೆಥೇನ್ ಉಡುಪು ತೊಟ್ಟು 43 ವಿಶ್ವದಾಖಲೆ ಮುರಿದರು. 2010ರ ಜನವರಿ 1ರಿಂದ ಬಟ್ಟೆಯದೇ ಉಡುಪು, ಗಂಡಸರಿಗೆ ಸೊಂಟದಿಂದ ಮಂಡಿವರೆಗೆ ಮಾತ್ರ.

ಸಮಯದ ಲೆಕ್ಕವನ್ನೂ ಕೊನೆಗೆ ಗೋಡೆಯೇ ನಿಲ್ಲಿಸಿತು. 1972ರ ಮ್ಯೂನಿಕ್‌ನಲ್ಲಿ 400 ಮೀಟರ್ ಮೆಡ್ಲೆ ಚಿನ್ನ ಗುನ್ನಾರ್ ಲಾರ್ಸನ್‌ಗೆ ಸಿಕ್ಕಿದ್ದು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದಿಂದ. ಗಾರೆ ಕೆಲಸದಲ್ಲಿ ಒಂದು ಲೇನ್ ಇನ್ನೊಂದಕ್ಕಿಂತ ಅದಕ್ಕೂ ಹೆಚ್ಚು ಉದ್ದವಾಗಿರಬಹುದಲ್ಲ ಎಂಬ ಪ್ರಶ್ನೆ ಎದ್ದಿತು. ಆಮೇಲಿಂದ ನೂರರಲ್ಲೊಂದು ಭಾಗಕ್ಕೇ ಲೆಕ್ಕ ನಿಂತಿದೆ. 2016ರಲ್ಲಿ ರಿಯೊದ 100 ಮೀಟರ್ ಬಟರ್‌ಫ್ಲೈನಲ್ಲಿ ಮೂವರು ಒಂದೇ ಬೆಳ್ಳಿ ಸ್ಥಾನ ಹಂಚಿಕೊಂಡರು.

ಭಾರತದ ಕಥೆ ಚಿಕ್ಕದು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಸಚಿನ್ ನಾಗ್ 100 ಮೀಟರ್ ಫ್ರೀಸ್ಟೈಲ್ ಗೆದ್ದರು. 1986ರಲ್ಲಿ ಖಜಾನ್ ಸಿಂಗ್ ಬೆಳ್ಳಿ ತಂದರು. ಆ ಕಥೆಯ ಈಚಿನ ಅಧ್ಯಾಯಗಳು ಬಹುಪಾಲು ಬೆಂಗಳೂರಿನವು. ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೇಂದ್ರ, ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ ಕಡೆ ಬೆಳಗಿನ ಜಾವದ ತರಬೇತಿ ವರ್ಷಗಟ್ಟಲೆ ತಪ್ಪದೆ ನಡೆಯಿತು. ತರಬೇತುದಾರರಾದ ನಿಹಾರ್ ಅಮೀನ್‌ಗೆ 2015ರಲ್ಲಿ, ಪ್ರದೀಪ್ ಕುಮಾರ್‌ಗೆ 2016ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ನಿಶಾ ಮಿಲೆಟ್ ಮತ್ತು ಹಕೀಮುದ್ದೀನ್ ಹಬೀಬುಲ್ಲಾ, 2004ಕ್ಕೆ ಶಿಖಾ ಟಂಡನ್, 2008ಕ್ಕೆ ರೆಹಾನ್ ಪೊಂಚಾ, 2012ಕ್ಕೆ ಗಗನ್ ಉಳ್ಳಾಲಮಠ ಹೋದರು. 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಶರತ್ ಗಾಯಕ್ವಾಡ್ ಆರು ಪದಕ ಗೆದ್ದರು. ಶ್ರೀಹರಿ ನಟರಾಜ್ 2021ರ ಜೂನ್‌ನಲ್ಲಿ ರೋಮ್‌ನಲ್ಲಿ ನಡೆದ ಸಮಯ ಪರೀಕ್ಷೆಯಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿಗೆ ಮುಗಿಸಿದರು. ಟೋಕಿಯೊಗೆ ನೇರ ಅರ್ಹತೆಯ ಗೆರೆ 53.85. ಕೇವಲ 0.08 ಸೆಕೆಂಡ್! ಒಂದು ತಿರುವು ತುಸು ಕೆಟ್ಟಿದ್ದರೆ ಹೋಗುತ್ತಿತ್ತು. 2024ರ ಪ್ಯಾರಿಸ್‌ಗೆ ಶ್ರೀಹರಿಯ ಜೊತೆ ಹೋದ ಧಿನಿಧಿ ದೇಸಿಂಗುಗೆ ಆಗ 14 ವರ್ಷ.

ಈ ಪಟ್ಟಿಯಲ್ಲಿ ಗದಗ ಸೀಮೆಯ ಹೆಸರಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಬೆಳಗಾವಿಗೆ ಸುವರ್ಣ ಜೆಎನ್‌ಎಂಸಿ ಈಜುಕೊಳದಂಥ ಒಲಿಂಪಿಕ್ ಅಳತೆಯ ನೀರು ಸಿಕ್ಕಿತು, ಅಲ್ಲಿಂದ ರಾಷ್ಟ್ರಮಟ್ಟದ ಪ್ಯಾರಾ ಈಜುಗಾರರೂ ಬಂದರು. ಡಂಬಳದ ಹುಡುಗನಿಗೆ ಉಸಿರಿದೆ, ಹೆದರಿಕೆಯಿಲ್ಲ. ಇಲ್ಲದ್ದು ಗೋಡೆಯ ಅಭ್ಯಾಸ. ಹುಡುಗಿಯರಿಗಂತೂ ಬಾವಿಯೂ ಇರಲಿಲ್ಲ, ಹಗ್ಗ ಹಿಡಿಯುವವರೂ ಇರಲಿಲ್ಲ. ಈಗ ಹೊಲದ ಬಾವಿಗಳು ಬತ್ತಿ ಬೋರ್‌ವೆಲ್ ಬಂದಿವೆ. ಕೃಷಿ ಹೊಂಡಗಳಿವೆ ನಿಜ, ಆದರೆ ಪ್ಲಾಸ್ಟಿಕ್ ಹಾಸಿದ ಅವುಗಳ ದಂಡೆ ಜಾರುತ್ತದೆ, ಬಲ್ಲವರೂ ಹತ್ತಿ ಬರಲಾರರು. ಅಲ್ಲಿ ಮಕ್ಕಳನ್ನು ಬಿಡಲೇಬಾರದು.

ಗೋಡೆಯಿಲ್ಲದ ಪಂದ್ಯವೂ ಇದೆ: ತೆರೆದ ನೀರಿನಲ್ಲಿ 10 ಕಿಲೋಮೀಟರ್ ಈಜು 2008ರಿಂದ ಒಲಿಂಪಿಕ್ಸ್‌ನಲ್ಲಿದೆ. ಆದರೆ ಸುಮಾರು ಎರಡು ತಾಸು ನಿಲ್ಲದೆ ಈಜುವ ಕಸುವು ಕೊಳದಲ್ಲಿ ಸಾವಿರಾರು ತಿರುವು ಹಾಕಿದ ಮೇಲೆ ಬರುವಂಥದು. ನನ್ನನ್ನು ಕೇಳಿದರೆ ಹಳ್ಳಿಯ ಮಕ್ಕಳನ್ನು ಮೊದಲು ಇಳಿಸಬೇಕಾದದ್ದು ಉದ್ದ ಕೊಳದ 50 ಮೀಟರ್ ಫ್ರೀಸ್ಟೈಲಿಗೆ. ಅದರಲ್ಲಿ ತಿರುವೇ ಇಲ್ಲ. ಹಾರುವುದು ಎತ್ತರದಿಂದ, ಅದು ಗೊತ್ತಿದೆ. ಮುಳುಗಿ ಸಾಗುವುದೂ ಗೊತ್ತಿದೆ, 15 ಮೀಟರಿಗೆ ಏಳುವುದನ್ನಷ್ಟೇ ಹೇಳಿಕೊಡಬೇಕು. ಮಿಕ್ಕ 35 ಮೀಟರಿಗೆ ತಲೆ ತಗ್ಗಿಸಿ, ಪಕ್ಕಕ್ಕೆ ತಿರುಗಿ ಉಸಿರೆಳೆಯುವ ಕ್ರಾಲ್ ಕಲಿಸಬೇಕು. ಬಾವಿಯಲ್ಲಿ ಸದಾ ಮೇಲೆತ್ತಿ ರೂಢಿಯಾದ ತಲೆ ಬಗ್ಗಲು ತಿಂಗಳುಗಳೇ ಬೇಕು. ಜಿಲ್ಲೆಯ ಆಯ್ಕೆ ಪಂದ್ಯಕ್ಕೆ ಹಿಂದಿನ ದಿನ ಕರೆತಂದು ಕೊಳ ತೋರಿಸಿದರೆ ಸಾಲದು, ಕೊಳ ಇರುವ ಊರಿನ ಹಾಸ್ಟೆಲ್‌ನಲ್ಲಿ ಅವರಿಗೆ ಸೀಟು ಕೊಟ್ಟು ಬೆಳಗ್ಗೆ ಐದಕ್ಕೆ ನೀರಿಗಿಳಿಸಬೇಕು.