ಶೈತ್ಯದ್ರವ ನಾಳಗಳು: ವಾಹನಗಳಲ್ಲಿ ಕೊಳವೆ, ಹೋಸು ಮತ್ತು ಸಂಧಿಗಳ ಆಯ್ಕೆ

ಮೋಟಾರು ವಾಹನದ ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕೂಲೆಂಟನ್ನು ಸಾಗಿಸುವ ಕೊಳವೆಗಳು, ರಬ್ಬರಿನ ಹೋಸುಗಳು, ಅವನ್ನು ಬಂಧಿಸುವ ಕ್ಲಿಪ್ಪುಗಳು ಇವೆಲ್ಲ ಶೈತ್ಯದ್ರವ ನಾಳಗಳೆನಿಸುವುವು. ರೇಡಿಯೇಟರು ಚಾಸಿಗೆ ಸೇರಿ ನಿಶ್ಚಲವಾಗಿದ್ದರೂ ಎಂಜಿನ್ನು ತನ್ನ ರಬ್ಬರಿನ ಆಸರೆಗಳ ಮೇಲೆ ಸದಾ ಓಲಾಡುತ್ತಿರುವುದರಿಂದ ಇವೆರಡರ ಮಧ್ಯೆ ಆದ್ಯಂತವಾಗಿ ಲೋಹವನ್ನೇ ಹೂಡುವಂತಿಲ್ಲ. ದೂರವನ್ನೆಲ್ಲ ಹೋಸಿನಿಂದಲೇ ಕ್ರಮಿಸಿದರೆ ಅದು ಜೋತುಬಿದ್ದು, ಉಜ್ಜಿ ಸವೆಯುವುದು. ಆದುದರಿಂದ ದೀರ್ಘವಾದ ನೇರಮಾರ್ಗಕ್ಕೆ ಕೊಳವೆಯನ್ನೂ ಚಲನೆಯುಳ್ಳ ಎಡೆಗಳಿಗೆ ಹೋಸನ್ನೂ ಬಳಸುವುದೇ ಉಚಿತ. ಎಂಜಿನ್ನು ಹಿಂದೆ, ರೇಡಿಯೇಟರು ಮುಂದೆ ಇದ್ದ 1980ರ ದಶಕದ ದ್ರವಶೀತಿತ ಫೋಕ್ಸ್‌ವ್ಯಾಗನ್ ವ್ಯಾನುಗಳಲ್ಲಿ ಈ ವಿಭಾಗವನ್ನು ಸ್ಪಷ್ಟವಾಗಿ ಕಾಣಬಹುದು.

ಕೊಳವೆಗೆ ಅಲ್ಯೂಮಿನಿಯಂ, ತುಕ್ಕುಹಿಡಿಯದ ಉಕ್ಕು, ಹಿತ್ತಾಳೆ ಇವು ಯೋಗ್ಯ. ಸತುವಿನ ಲೇಪವುಳ್ಳ ನೀರಿನ ಪೈಪು ಸುಲಭವಾಗಿ ದೊರೆಯುವುದಾದರೂ, ಆ ಸತುವು ಕೂಲೆಂಟಿನೊಡನೆ ವರ್ತಿಸಿ ಗಸಿಯನ್ನುಂಟುಮಾಡುವುದರಿಂದ ಅದು ಸರ್ವಥಾ ವರ್ಜ್ಯ.

ಹೋಸುಗಳಲ್ಲಿ ಇಂದು ಬಹುಪಾಲು ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನವು. ಗ್ಲೈಕಾಲ್ ಬೆರೆತ ಬಿಸಿನೀರನ್ನು ಸುಮಾರು 125° ಸೆಲ್ಸಿಯಸ್‌ವರೆಗೆ ಸಹಿಸಬಲ್ಲ ಈ ರಬ್ಬರು ಎಂಜಿನ್ ಆಯಿಲ್ ತಗುಲಿದೊಡನೆ ಉಬ್ಬಿ ಮೆತ್ತಗಾಗುವುದು. ಸಿಲಿಕೋನ್ ಹೋಸು ಇನ್ನೂ ಹೆಚ್ಚಿನ ಶಾಖವನ್ನು ತಾಳುವುದು ನಿಜ. ಆದರೆ ನೀರಿನ ಆವಿಯು ಅದರ ಭಿತ್ತಿಯ ಮೂಲಕವೇ ಅಲ್ಪಾಲ್ಪವಾಗಿ ಹೊರಸೂಸುವುದರಿಂದಲೂ, ಸಾಮಾನ್ಯ ಕ್ಲಿಪ್ಪಿನ ಸೀಳುಗಳು ಅದರ ಮೃದುವಾದ ಮೈಯನ್ನು ಕೊರೆಯುವುದರಿಂದಲೂ, ಬೆಲೆಯನ್ನು ನೋಡಿ ಅದನ್ನೇ ಉತ್ತಮವೆನ್ನುವುದು ಸರಿಯಲ್ಲ. ಪಂಪು ದ್ರವವನ್ನು ಹೀರುವ ಕೆಳಗಿನ ಹೋಸು ಒಳಕ್ಕೆ ಕುಸಿಯದಂತೆ ಕೆಲವು ವಾಹನಗಳಲ್ಲಿ ಅದರೊಳಗೆ ತಂತಿಯ ಸುರುಳಿಯನ್ನಿಟ್ಟಿರುತ್ತಾರೆ. ಹೋಸು ಬದಲಿಸುವಾಗ ಇದನ್ನು ಮರೆಯಬಾರದು.

ಸೋರಿಕೆಯು ಬಹುಧಾ ಸಂಧಿಯಲ್ಲೇ ತಲೆದೋರುವುದು. ಹೋಸಿನ ಒಳವ್ಯಾಸವು ಕೊಳವೆಯ ಹೊರವ್ಯಾಸಕ್ಕೆ ಸಮನಾಗಿರಬೇಕು. ಸಡಿಲವಾದ ಹೋಸನ್ನು ಕ್ಲಿಪ್ಪಿನ ಬಲದಿಂದ ಬಿಗಿಯಹೊರಟರೆ ರಬ್ಬರು ಮಡಿಕೆಗೊಂಡು ಆ ಮಡಿಕೆಯಿಂದಲೇ ದ್ರವ ಹನಿಯುವುದು. ರೇಡಿಯೇಟರಿನ ಮುಚ್ಚಳವು ಸಾಮಾನ್ಯವಾಗಿ 1 ಬಾರ್‌ನಷ್ಟು ಒತ್ತಡವನ್ನು ಒಳಗೆ ತಡೆದಿಡುವುದರಿಂದ, ಕೊಳವೆಯ ತುದಿಯಲ್ಲಿ ಬಳೆಯಂತಹ ಉಬ್ಬು ಇಲ್ಲದಿದ್ದರೆ ಹೋಸು ಜಾರಿ ಕಳಚಿಕೊಳ್ಳುವ ಭಯವುಂಟು. ಕ್ಲಿಪ್ಪು ಕೂರಬೇಕಾದುದು ಆ ಉಬ್ಬಿನ ಮೇಲಲ್ಲ, ಅದರ ಹಿಂಬದಿಯಲ್ಲಿ. ಇಂಗ್ಲೆಂಡಿನ ನೌಕಾಧಿಕಾರಿ ಲಮ್ಲಿ ರಾಬಿನ್ಸನ್ 1921ರಲ್ಲಿ ಪೇಟೆಂಟು ಪಡೆದ ತಿರುಪಿನ ಕ್ಲಿಪ್ಪು ಇಂದಿಗೂ ಎಲ್ಲ ಗ್ಯಾರೇಜುಗಳಲ್ಲಿ ಬಳಕೆಯಲ್ಲಿದೆ. ಆದರೆ ರಬ್ಬರು ಕಾಲಕ್ರಮದಲ್ಲಿ ಕುಗ್ಗಿದಾಗ ಅದು ತಾನಾಗಿ ಬಿಗಿಯಲಾರದು, ಸ್ಪ್ರಿಂಗ್ ಕ್ಲಿಪ್ಪಾದರೋ ರಬ್ಬರನ್ನು ಅನುಸರಿಸಿ ತಾನೂ ಕುಗ್ಗುವುದು. ಬೆಳಗಿನ ಚಳಿಯಲ್ಲಿ ಮಾತ್ರ ಹನಿಯುವ ಸಂಧಿಗೆ ಇದೇ ತಕ್ಕ ಪರಿಹಾರ.

ಹೋಸಿನ ಆಯುಷ್ಯವನ್ನು ಹೊರಮೈಯಿಂದ ಮಾತ್ರ ಅಳೆಯಲಾಗದು. ಲೋಹ, ದ್ರವ, ಇಂಗಾಲ ಬೆರೆತ ರಬ್ಬರು ಇವು ಮೂರೂ ಸೇರಿ ವಿದ್ಯುತ್ಕೋಶದಂತೆ ವರ್ತಿಸುವುದರಿಂದ ಒಳಭಿತ್ತಿಯಲ್ಲಿ ಸೂಕ್ಷ್ಮವಾದ ಬಿರುಕುಗಳು ಉದ್ದುದ್ದಕ್ಕೆ ಹಬ್ಬುವುವು. ಮೇಲ್ಮೈ ಆಗಲೂ ನಯವಾಗಿಯೇ ಇರಬಹುದು. ಎಂಜಿನ್ನು ಪೂರ್ಣವಾಗಿ ತಣಿದ ಮೇಲೆ, ಕ್ಲಿಪ್ಪಿನಿಂದ ಎರಡು ಬೆರಳಗಲದೊಳಗಿನ ಭಾಗವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹಿಸುಕಿ, ಬಳಿಕ ಹೋಸಿನ ನಡುಭಾಗವನ್ನೂ ಹಾಗೆಯೇ ಹಿಸುಕಿ ನೋಡಬೇಕು. ತುದಿಯು ನಡುವಿಗಿಂತ ಮೆತ್ತಗಿದ್ದರೆ ಅಥವಾ ಒಳಗೆ ಗೀರಿನಂತಹ ತಗ್ಗು ಬೆರಳಿಗೆ ತಾಕಿದರೆ, ಒಂದು ಹನಿಯೂ ಸೋರದಿದ್ದರೂ ಆ ಹೋಸನ್ನು ಬದಲಿಸತಕ್ಕದ್ದು.