ಗಾರೀಗಾರ

ಬೆಳಗಾವಿಯ ಗಲ್ಲಿಗಳಲ್ಲಿ ಐಸ್‌ಕ್ಯಾಂಡಿಗೆ ಗಾರೀಗಾರ ಎನ್ನುತ್ತಾರೆ. ಮರಾಠಿಯಲ್ಲಿ ‘ಗಾರ’ ಎಂದರೆ ತಣ್ಣಗಿನದು. ಆಲಿಕಲ್ಲಿಗೂ ಅದೇ ಮಾತು. ಎರಡು ಸಲ ಹೇಳಿದರೆ ಹಲ್ಲು ಜುಮ್ಮೆನ್ನುವಷ್ಟು ತಂಪು. ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದವನು ‘ಗಾರೇಗಾರ್’ ಎಂದು ಕೂಗುತ್ತಿದ್ದದ್ದು ಮಾಲಿನ ಗುಣವನ್ನು. ಕೇಳಿದ ಮಕ್ಕಳು ಅದನ್ನೇ ಮಾಲಿನ ಹೆಸರು ಮಾಡಿಕೊಂಡರು. ಕನ್ನಡದವರ ಮನೆ ಯಾವುದು, ಮರಾಠಿಯವರದು ಯಾವುದು ಎಂದು ನೋಡಿ ಕೂಗು ಬದಲಿಸುವ ಪ್ರಸಂಗ ಅವನಿಗೆ ಬರಲಿಲ್ಲ. ಗಡಿಯ ವಿಷಯಕ್ಕೆ ಇಷ್ಟು ಜಗಳ ಕಂಡ ಊರಿನಲ್ಲಿ ಈ ಪದ ಯಾರ ಅಪ್ಪಣೆಯನ್ನೂ ಕೇಳದೆ ಎರಡೂ ಕಡೆ ಓಡಾಡಿಕೊಂಡಿರುವುದು ನನಗೆ ಬಹಳ ಪ್ರೀತಿಯ ಸಂಗತಿ.

ಅದನ್ನು ಮಾಡುವ ಬಗೆಯೂ ಚೆಂದ. ಐಸ್ ಫ್ಯಾಕ್ಟರಿಯ ತೊಟ್ಟಿಯಲ್ಲಿ ಉಪ್ಪುನೀರಿರುತ್ತದೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಿಂದ ಎಷ್ಟೋ ಕೆಳಗಿಳಿದರೂ ಗಟ್ಟಿಯಾಗದು. ಬಣ್ಣದ ಸಕ್ಕರೆನೀರು ತುಂಬಿದ ಲೋಹದ ಅಚ್ಚುಗಳನ್ನು ಅದರೊಳಗೆ ಇಳಿಬಿಟ್ಟರೆ ಅಂಚಿನಿಂದ ನಡುವಿಗೆ ಹೆಪ್ಪುಗಟ್ಟುತ್ತ ಬರುತ್ತದೆ. ನೀರು ಮೊದಲು ಗಟ್ಟಿಯಾಗಿ ಸಕ್ಕರೆಯನ್ನೂ ಬಣ್ಣವನ್ನೂ ಒಳಕ್ಕೆ ತಳ್ಳುತ್ತದೆ. ಹಾಗಾಗಿ ಕಡ್ಡಿಯ ಸುತ್ತ ರುಚಿ ಹೆಚ್ಚು. ಜೋರಾಗಿ ಚೀಪಿದರೆ ರಸವೆಲ್ಲ ಬಾಯಿಗೆ ಬಂದು, ಕಡ್ಡಿಯಲ್ಲಿ ಬೆಳ್ಳಗಿನ ಸಪ್ಪೆ ಐಸು ಉಳಿಯುತ್ತದೆ. ಅದನ್ನೂ ಕಟಕಟ ಕಡಿದು ಮುಗಿಸಿದರೇ ಸಮಾಧಾನ.

ಅಮೆರಿಕದಲ್ಲಿ ಇದೇ ಕಡ್ಡಿ ಐಸಿನ ಹೆಸರಿಗೆ ಮಾಲೀಕರಿದ್ದಾರೆ. 1905ರಲ್ಲಿ ಫ್ರಾಂಕ್ ಎಪ್ಪರ್ಸನ್ ಎಂಬ 11 ವರ್ಷದ ಹುಡುಗ ಸೋಡಾ ಪುಡಿ ಕಲಸಿದ ನೀರನ್ನು ಕಡ್ಡಿಯ ಸಮೇತ ರಾತ್ರಿಯಿಡೀ ಹೊರಗೆ ಬಿಟ್ಟಿದ್ದ, ಬೆಳಗ್ಗೆ ಅದು ಕಡ್ಡಿಗೆ ಅಂಟಿ ಗಟ್ಟಿಯಾಗಿತ್ತು ಎಂಬುದು ಅಲ್ಲಿ ರೂಢಿಯಲ್ಲಿರುವ ಕಥೆ. ದೊಡ್ಡವನಾದ ಮೇಲೆ 1924ರಲ್ಲಿ ಪೇಟೆಂಟ್ ಪಡೆದ. ತನ್ನ ಹೆಸರು ಸೇರಿಸಿ ‘ಎಪ್ಸಿಕಲ್’ ಎಂದು ಕರೆದಿದ್ದ. ಅಪ್ಪನನ್ನು ‘ಪಾಪ್’ ಎನ್ನುತ್ತಿದ್ದ ಅವನ ಮಕ್ಕಳ ಬಾಯಲ್ಲಿ ಅದು ‘ಪಾಪ್ಸಿಕಲ್’ ಆಯಿತಂತೆ. 1925ರ ಹೊತ್ತಿಗೆ ಹಕ್ಕುಗಳನ್ನು ನ್ಯೂಯಾರ್ಕಿನ ಜೋ ಲೋ ಕಂಪನಿಗೆ ಮಾರಿಬಿಟ್ಟ. ಇವತ್ತಿಗೂ ಅದು ನೋಂದಾಯಿತ ಹೆಸರೇ. ಜನ ಮಾತ್ರ ಯಾರು ಮಾಡಿದ ಕಡ್ಡಿ ಐಸನ್ನೂ ಪಾಪ್ಸಿಕಲ್ ಎಂದೇ ಕರೆಯುತ್ತಾರೆ.

ನಮ್ಮ ಕಡೆ ಇದಕ್ಕಿಂತ ಸೊಗಸಾದದ್ದು ನಡೆದಿದೆ. ಆ ಕಥೆ ಶುರುವಾಗುವುದೂ ಅಮೆರಿಕದಲ್ಲೇ. 1893ರಲ್ಲಿ ಉತ್ತರ ಕೆರೊಲಿನಾದ ಔಷಧಿ ಅಂಗಡಿಯ ಕೇಲೆಬ್ ಬ್ರಾಡ್‌ಹ್ಯಾಮ್ ಒಂದು ಪಾನೀಯ ಮಾಡಿ, 1898ರಲ್ಲಿ ಅದಕ್ಕೆ ಪೆಪ್ಸಿ ಕೋಲಾ ಎಂದು ಹೆಸರಿಟ್ಟ. ಅಜೀರ್ಣಕ್ಕೆ ಇಂಗ್ಲಿಷಿನಲ್ಲಿರುವ ‘ಡಿಸ್‌ಪೆಪ್ಸಿಯಾ’ದ ತುಣುಕು ಅದು. 1990ರಲ್ಲಿ ‘ಲೆಹರ್ ಪೆಪ್ಸಿ’ಯಾಗಿ ಭಾರತದ ಪೇಟೆಗೆ ಬಂತು. ಬೆಳಗಾವಿ, ಖಾನಾಪುರದ ಮಕ್ಕಳು ಆ ಹೆಸರನ್ನು ಎತ್ತಿಕೊಂಡು ಹೋಗಿ ಪ್ಲಾಸ್ಟಿಕ್ ಕೊಳವೆಯ ಐಸಿಗೆ ಅಂಟಿಸಿದರು. ಬೆರಳುದ್ದದ ಕೇಸರಿ, ಕೆಂಪು, ಹಸಿರು ಕೊಳವೆ. ತುದಿಯನ್ನು ಹಲ್ಲಿನಿಂದ ಹರಿದು, ಕೆಳಗಿನಿಂದ ಒತ್ತುತ್ತ ತಿನ್ನಬೇಕು. ಅದನ್ನು ಮಾಡಿದವರಿಗೂ ಆ ಕಂಪನಿಗೂ ಸಂಬಂಧವಿಲ್ಲ. ಕೊಳವೆಯ ಮೇಲೆ ಬೇರೆಯದೇ ಹೆಸರು ಅಚ್ಚಾಗಿದ್ದರೂ ಅದನ್ನು ಓದುವವರಿಲ್ಲ.

ಖಾನಾಪುರದ ಶಾಲೆಯ ಎದುರಿನ ಕಿರಾಣಿ ಅಂಗಡಿಗೆ ಹೋಗಿ ‘ಕಾಕಾ, ಒಂದ್ ಪೆಪ್ಸಿ ಕೊಡ್ರಿ’ ಎಂದರೆ ಕಾಕಾ ಕೇಳುವುದು ಒಂದೇ: ಕೆಂಪs, ಕೇಸರಿನs? ಕುಡಿಯುವ ಪೆಪ್ಸಿ ಬೇಕಾದವರು ‘ಬಾಟ್ಲೀದು’ ಎಂದು ಬಿಡಿಸಿ ಹೇಳಬೇಕು.